ಆರನೇ ಬೆಡ್ಡಿನ ಫಾಸ್ಫೇಟ್ ಕಳ್ಳ

ಆರನೇ ಬೆಡ್ಡಿನ ಡ್ರೈವರನ ರಕ್ತದಲ್ಲಿ ಫಾಸ್ಫೇಟ್ ಮತ್ತೆ ಕಳುವಾಗಿತ್ತು.

ಲ್ಯಾಬಿನ ರಿಪೋರ್ಟನ್ನು ದೊಡ್ಡ ಡಾಕ್ಟರು ಕನ್ನಡಕ ಹಾಕಿ ನೋಡಿದರು. ಕನ್ನಡಕ ತೆಗೆದು ನೋಡಿದರು. ಹೇಗೆ ನೋಡಿದರೂ ಇರಬೇಕಾದ್ದರ ಅರ್ಧವೂ ಇರಲಿಲ್ಲ.

“ಸಿಸ್ಟರ್, ಇವರಿಗೆ ಫಾಸ್ಫೇಟ್ ಪುಡಿ ಕೊಡ್ತಿದೀರಾ?”

“ದಿನಾ ಮೂರು ಹೊತ್ತು, ಸರ್. ನೀರಲ್ಲಿ ಕಲಸಿ, ನಾನೇ ನಿಂತು ಕುಡಿಸ್ತೀನಿ.”

“ಕುಡಿಸಿದ್ದು ಎಲ್ಲಿಗೆ ಹೋಯ್ತು ಹಾಗಾದ್ರೆ?”

ಸಿಸ್ಟರ್ ಮುಖ ಕೆಂಪಾಯಿತು. ವಾರ್ಡಿನ ಗಂಡಸರೆಲ್ಲ ಚಾವಣಿ ನೋಡತೊಡಗಿದರು.

ಡ್ರೈವರ್ ಬಸ್ಸು ಓಡಿಸುವವನು. ತೊಡೆಯ ಮೇಲೆ ಎದ್ದ ಕುರುವನ್ನು ತುಕ್ಕು ಹಿಡಿದ ಸೂಜಿಯಿಂದ ತಾನೇ ಚುಚ್ಚಿಕೊಂಡಿದ್ದ. ಬ್ಯಾಕ್ಟೀರಿಯಾ ಟಿಕೆಟ್ಟಿಲ್ಲದೆ ರಕ್ತಕ್ಕೆ ಹತ್ತಿ ಕೂತಿತು. ಐಸಿಯುನಲ್ಲಿ ಮೆಷಿನ್ನು ಅವನ ಪರವಾಗಿ ಉಸಿರಾಡಿತು. ಅಲ್ಲಿಂದ ಬದುಕಿ ವಾರ್ಡಿಗೆ ಬಂದದ್ದೇ ದೊಡ್ಡದು. ಆದರೆ ಫಾಸ್ಫೇಟ್ ಇಲ್ಲದೆ ಸ್ನಾಯುಗಳಿಗೆ ಬಲವಿಲ್ಲ, ಉಸಿರೆಳೆಯುವ ಎದೆಯ ಸ್ನಾಯುಗಳಿಗೂ ಇಲ್ಲ. ರಕ್ತದ ಸೋಂಕು ಮತ್ತೆ ತಲೆಯೆತ್ತಿದರೂ ಫಾಸ್ಫೇಟ್ ಹೀಗೇ ಇಳಿಯುತ್ತದೆ. ದೊಡ್ಡ ಡಾಕ್ಟರ ಭಯ ಅದೇ.

“ಸಂಜೆಯೊಳಗೆ ಕಾರಣ ಸಿಗದಿದ್ರೆ ವಾಪಸ್ ಐಸಿಯುಗೆ,” ಎಂದರು. “ಚಿಕ್ಕ ಡಾಕ್ಟ್ರೇ, ಹುಡುಕಿ.”

ಚಿಕ್ಕ ಡಾಕ್ಟರು ಕೆಲಸಕ್ಕೆ ಸೇರಿ ಇನ್ನೂ ಕೋಟಿನ ಗಂಜಿ ಹೋಗಿರಲಿಲ್ಲ. ಆಕೆ ತಲೆಯಾಡಿಸಿದಳು. ಐಸಿಯು ಎಂಬ ಮಾತು ಕೇಳಿ ಡ್ರೈವರನ ಹೆಂಡತಿ ಫ್ಲಾಸ್ಕನ್ನು ಅಪ್ಪಿಕೊಂಡು ಸ್ಟೂಲಿನ ಮೇಲೆ ಕುಸಿದು ಕೂತಳು.

*

ಮೊದಲ ಅನುಮಾನ ಲ್ಯಾಬಿನ ಮೇಲೆ.

“ನಿಮ್ಮ ಮೆಷಿನ್ ಸರಿ ಇದೆಯಾ?” ಎಂದು ಚಿಕ್ಕ ಡಾಕ್ಟರು ಕೇಳಿದಳು.

ಮಗ ಫೇಲಾದನಂತೆ ಎಂದು ಯಾರೋ ಹೇಳಿದ ಹಾಗೆ ಲ್ಯಾಬಿನವನು ಅವಳನ್ನು ನೋಡಿದ. “ನನ್ನನ್ನ ಏನು ಬೇಕಾದ್ರೂ ಅನ್ನಿ. ಮೆಷಿನ್ ಸುದ್ದಿಗೆ ಬರಬೇಡಿ.”

“ರಕ್ತ ತಡವಾಗಿ ಬಂದು ಕೆಟ್ಟಿರಬಹುದಲ್ಲ?”

“ತಡವಾದ್ರೆ ರಕ್ತಕಣ ಒಡೆದು ಫಾಸ್ಫೇಟ್ ಏರತ್ತೆ ಡಾಕ್ಟ್ರೇ. ಇದು ಇಳೀತಿದೆ.”

ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಧೈರ್ಯ.

“ಮೂತ್ರದಲ್ಲಿ?”

“ಇಲ್ಲವೇ ಇಲ್ಲ ಅನ್ನಬಹುದು. ಕಿಡ್ನಿ ಜಿಪುಣನ ಹಾಗೆ ಹಿಡ್ಕೊಂಡಿದೆ, ಬಿಡತ್ತಾ ಕೈಯಿಂದ?”

ಹಾಗಾದರೆ ಕಿಡ್ನಿಯಿಂದ ಸೋರುತ್ತಿಲ್ಲ. ರೋಗಿಗೆ ಜ್ವರವಿಲ್ಲ, ರಕ್ತದ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ; ಅಂದರೆ ಸೋಂಕೂ ಅಲ್ಲ. ಹೊರಟವಳನ್ನು ಲ್ಯಾಬಿನವನು ತಡೆದ. “ಒಂದು ವಿಚಿತ್ರ ಹೇಳ್ಲಾ? ಸೋಮವಾರ ಬೆಳಿಗ್ಗೆ ಮಾತ್ರ ಚೆನ್ನಾಗಿರತ್ತೆ. ಮಂಗಳವಾರದಿಂದ ಮತ್ತೆ ಪಾತಾಳ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಬಾಯಿಗೆ ಬಂದದ್ದೂ ರಕ್ತಕ್ಕೆ ಹೋಗುತ್ತಿಲ್ಲ. ಭಾನುವಾರವೊಂದನ್ನು ಬಿಟ್ಟು.

*

ಎರಡನೇ ಅನುಮಾನ ಫ್ಲಾಸ್ಕಿನ ಮೇಲೆ. ಮನೆಮದ್ದು ಎಂಬ ಮಾರಿ ಎಷ್ಟು ಫ್ಲಾಸ್ಕುಗಳಲ್ಲಿ ಬರುತ್ತದೋ ದೇವರಿಗೇ ಗೊತ್ತು.

“ಬರೀ ಬಿಸಿನೀರು ಮೇಡಂ,” ಎಂದು ಡ್ರೈವರನ ಹೆಂಡತಿ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ಬರೀ ಬಿಸಿನೀರೇ.

“ಭಾನುವಾರ ಅವರಿಗೆ ಏನಾದ್ರೂ ಬೇರೆ ಕೊಟ್ರಾ?”

“ಇಲ್ಲ. ಬೇರೆ ದಿನ ಊಟ ಆದ್ಮೇಲೆ ನಮ್ಮನ್ನ ಹೊರಗೆ ಕಳಿಸ್ತಾರೆ. ಭಾನುವಾರ ಇಡೀ ದಿನ ಬಿಡ್ತಾರಲ್ಲ, ಪಕ್ಕದಲ್ಲೇ ಇದ್ದೆ.” ಫ್ಲಾಸ್ಕಿನ ಮುಚ್ಚಳ ಹಾಕುತ್ತಾ ಹೇಳಿದಳು: “ಮನೆಗೆ ಹೋಗಿ ಸುಧಾರಿಸ್ಕೋ, ಮನೆಗೆ ಹೋಗಿ ಸುಧಾರಿಸ್ಕೋ ಅಂತ ಒಂದೇ ಸಮ ಹೇಳ್ತಿದ್ರು. ಮದುವೆಯಾದಾಗಿನಿಂದ ಇಷ್ಟು ಕಾಳಜಿ ತೋರಿಸಿದ್ದೇ ಇಲ್ಲ.”

ಚಿಕ್ಕ ಡಾಕ್ಟರ ಕಿವಿ ನೆಟ್ಟಗಾಯಿತು. ಗಂಡಸಿಗೆ ಹಠಾತ್ತನೆ ಕಾಳಜಿ ಉಕ್ಕಿದರೆ ಎಲ್ಲೋ ಏನೋ ನಡೆಯುತ್ತಿದೆ ಎಂದೇ ಅರ್ಥ.

“ಆ ಮೆಷಿನ್ನಲ್ಲಿ ಅವರು ಉಸಿರಾಡೋದನ್ನ ಇನ್ನೊಂದ್ಸಲ ನೋಡೋ ಶಕ್ತಿ ನನಗಿಲ್ಲ,” ಎಂದಳು ಹೆಂಡತಿ.

*

ಊಟಕ್ಕೆ ಮುಂಚೆ ಅವಳು ವಾರ್ಡಿನಲ್ಲಿ ಒಂದು ಸುತ್ತು ಹಾಕಿದಳು.

ಐದನೇ ಬೆಡ್ಡಿನಲ್ಲಿ ವಾಚ್ ರಿಪೇರಿಯ ಮುದುಕ. ಎಲ್ಲರ ಬಾಯಲ್ಲಿ ಗಡಿಯಾರದಜ್ಜ. ಹೊಟ್ಟೆ ಹಿಡಿದುಕೊಂಡಿದ್ದ.

“ಉರಿ, ಡಾಕ್ಟ್ರಮ್ಮ. ಬೆಂಕಿ ಇಟ್ಟ ಹಾಗಿದೆ.”

“ಸಿಸ್ಟರ್ ಕೊಡೋ ಗ್ಯಾಸ್ ಮಾತ್ರೆ ಅಗಿದು ತಿಂತಿದೀರಲ್ಲ, ಅಜ್ಜ?”

“ತಿಂ... ತಿಂತೀನಿ.”

ಏಳನೇ ಬೆಡ್ಡಿನ ಟೈಲರಿಗೂ ಉರಿ. ಅದೇ ಮಾತ್ರೆ, ಅದೇ ಉತ್ತರ, ಅದೇ ತೊದಲು. ವಾರ್ಡಿನಲ್ಲಿ ಎಲ್ಲರ ಹೊಟ್ಟೆಗೂ ಬೆಂಕಿ ಬಿದ್ದಿತ್ತು. ತಣ್ಣಗಿದ್ದದ್ದು ಒಂದೇ ಹೊಟ್ಟೆ. ಆರನೇ ಬೆಡ್ಡಿನ ಡ್ರೈವರ್ ಸುಖವಾಗಿ ತೇಗಿದ. ತೇಗು ಪೆಪ್ಪರ್‌ಮಿಂಟಿನ ವಾಸನೆ ಹೊಡೆಯಿತು.

ಡ್ರೈವರನ ಔಷಧಿಗಳಲ್ಲಿ ಪೆಪ್ಪರ್‌ಮಿಂಟಿನ ವಾಸನೆಯದು ಒಂದೂ ಇರಲಿಲ್ಲ. ಚಿಕ್ಕ ಡಾಕ್ಟರು ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು.

*

ಊಟ ಮುಗಿಯಿತು. ಪರದೆ ಎಳೆದಾಯಿತು. ಮಧ್ಯಾಹ್ನದ ಸಿಸ್ಟರಿಗೆ ಬೆಳಗಿನ ಸಿಸ್ಟರ್ ವರದಿ ಒಪ್ಪಿಸುವ ಹೊತ್ತು ಇದು. ಆಗ ವಾರ್ಡಿನೊಳಗೆ ಯಾರೂ ಸುಳಿಯುವುದಿಲ್ಲ. ಇವತ್ತು ಮಾತ್ರ ಚಿಕ್ಕ ಡಾಕ್ಟರು ಬಾಗಿಲು ತಳ್ಳಿದಳು. ಹಿಂದೆ ದೊಡ್ಡ ಡಾಕ್ಟರು, ಬೆಳಗಿನ ಸಿಸ್ಟರ್, ಡ್ರೈವರನ ಹೆಂಡತಿ.

ಎಲ್ಲರೂ ಗಾಢ ನಿದ್ದೆಯಲ್ಲಿದ್ದರು. ಗಡಿಯಾರದಜ್ಜನ ಗೊರಕೆ ಸೆಕೆಂಡಿನ ಮುಳ್ಳಿನಷ್ಟು ಶಿಸ್ತಾಗಿತ್ತು. ಟೈಲರ್ ಚಪ್ಪಲಿ ಹಾಕಿಕೊಂಡೇ ಹೊದ್ದು ಮಲಗಿದ್ದ.

“ಕಳ್ಳ ಇಲ್ಲೇ ಇದ್ದಾನೆ, ಸರ್,” ಎಂದಳು ಚಿಕ್ಕ ಡಾಕ್ಟರು, ಯಾರನ್ನೂ ನೋಡದೆ. “ಪಾಪ, ಮೀಸೆಗೆ ಹತ್ತಿದ ಬಿಳಿ ಪುಡಿ ಒರೆಸ್ಕೊಳ್ಳೋದನ್ನ ಮರೆತಿದ್ದಾನೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಾಢ ನಿದ್ದೆಯಲ್ಲಿದ್ದ ಡ್ರೈವರನ ಕೈ ತಾನಾಗಿ ಮೇಲೆದ್ದು ಮೀಸೆ ಒರೆಸಿಕೊಂಡಿತು.

ಚಿಕ್ಕ ಡಾಕ್ಟರು ಅವನ ಹೊದಿಕೆ ಎಳೆದಳು. ಇಸ್ಪೀಟು ಎಲೆಗಳು ಉದುರಿದವು. ಜೊತೆಗೆ ಬಿಳಿಯ ದಪ್ಪ ಮಾತ್ರೆಗಳು.

“ಗ್ಯಾಸ್ ಮಾತ್ರೆ,” ಎಂದರು ದೊಡ್ಡ ಡಾಕ್ಟರು. “ಇವನಿಗೆ ಇದನ್ನ ನಾನೇ ನಿಲ್ಲಿಸಿದ್ದೆನಲ್ಲ.”

“ಇವರಿಗೆ ನಿಲ್ಲಿಸಿದ್ರಿ. ವಾರ್ಡಿಗೆ ನಿಲ್ಲಿಸಲಿಲ್ಲ. ಉಳಿದವರು ತಮ್ಮ ಪಾಲಿನ ಮಾತ್ರೆ ತಿನ್ನದೆ ಪಣಕ್ಕಿಡ್ತಾರೆ. ಸಿಸ್ಟರ್ ಕೈಗೆ ಸಿಗಬಾರದು ಅಂತ ಗೆದ್ದವರು ಅಲ್ಲೇ ಅಗಿದು ನುಂಗಬೇಕು ಅಂತ ಕಾಣತ್ತೆ. ಈ ನಿಯಮ ಮಾಡಿದ್ದು ಯಾರು, ಅಜ್ಜ?”

ಗೊರಕೆ ನಿಂತಿತು.

“ಮಾತ್ರೆಯಲ್ಲಿರೋ ಅಲ್ಯೂಮಿನಿಯಂ ಹೊಟ್ಟೆಯಲ್ಲೇ ಫಾಸ್ಫೇಟನ್ನ ತಬ್ಬಿ ಹಿಡ್ಕೊಳ್ಳತ್ತೆ. ಎರಡೂ ಜೊತೆಯಾಗೇ ಹೊರಗೆ ಹೋಗ್ತವೆ, ರಕ್ತಕ್ಕೆ ಏನೂ ಸಿಗಲ್ಲ. ಸೋತವರ ಹೊಟ್ಟೆ ಉರೀತು, ಗೆದ್ದವರ ಫಾಸ್ಫೇಟ್ ಇಳೀತು. ಭಾನುವಾರ ಮನೆಯವರು ಪಕ್ಕದಲ್ಲಿರ್ತಾರೆ, ಆಟ ಇಲ್ಲ. ಅದಕ್ಕೇ ಸೋಮವಾರ ಏರ್ತಿತ್ತು.”

“ಪೆಪ್ಪರ್‌ಮಿಂಟಿನ ಹಾಗೆ ರುಚಿಯಾಗಿತ್ತು, ಡಾಕ್ಟ್ರೇ,” ಎಂದ ಡ್ರೈವರ್, ಸಣ್ಣ ದನಿಯಲ್ಲಿ. “ಗೆದ್ದದ್ದನ್ನ ಬಿಡೋಕೆ ಮನಸ್ಸು ಬರಲಿಲ್ಲ. ಬೆಳಿಗ್ಗೆ ಇವಳು ಬಿಸಿನೀರಿಗೆ ಹೋದಾಗಲೂ ಒಂದಾಟ ಗೆದ್ದೆ.”

ಹೆಂಡತಿ ಅವನನ್ನೇ ನೋಡಿದಳು. “ಬೆಳಿಗ್ಗೆಯಿಂದ ನಾನು ಸತ್ತು ಸತ್ತು ಬದುಕಿದೀನಿ. ನೀವಿಲ್ಲಿ ಆಟೀನ್ ರಾಣಿ ಹಿಡ್ಕೊಂಡು ಮಲಗಿದ್ರಾ?”

ದೊಡ್ಡ ಡಾಕ್ಟರು ಸಿಸ್ಟರ್ ಕಡೆ ತಿರುಗಿ, “ತಪ್ಪಾಯ್ತು, ಸಿಸ್ಟರ್,” ಎಂದರು. ಐಸಿಯು ಮಾತು ಅಲ್ಲಿಗೆ ಮುಗಿಯಿತು.

*

ಮಾರನೆಯ ದಿನದ ರಿಪೋರ್ಟಿನಲ್ಲಿ ಫಾಸ್ಫೇಟ್ ಏರಿತ್ತು. ಆದರೆ ಪುಡಿಯ ನೀರು ಕುಡಿಯಲು ಡ್ರೈವರ್ ಮಗುವಿನಂತೆ ರಂಪ ಮಾಡಿದ. ಪೆಪ್ಪರ್‌ಮಿಂಟಿನ ರುಚಿ ಕಂಡ ನಾಲಿಗೆ.

ಹೆಂಡತಿಗೆ ಈಗ ಮಧ್ಯಾಹ್ನವೂ ಇರಲು ಅನುಮತಿ ಸಿಕ್ಕಿತ್ತು. ಅವಳು ಮಂಚದ ಮೇಲೆ ಎಲೆ ಹರಡಿದಳು.

“ಒಂದಾಟ. ನೀವು ಸೋತ್ರೆ ತುಟಿಪಿಟಕ್ ಅನ್ನದೆ ಕುಡೀಬೇಕು.”

“ನಿನಗೆ ಆಡೋಕೆ ಬರತ್ತಾ?” ಎಂದು ಅವನು ನಕ್ಕ.

ಸೋತ. ಸಂಜೆಯೂ ಸೋತ. ಮರುದಿನ ಬೆಳಿಗ್ಗೆ ಸೋತಾಗ ನಗು ಉಳಿದಿರಲಿಲ್ಲ.

“ಎಲ್ಲಿ ಕಲ್ತೆ ಇದನ್ನ?”

“ನೀವು ರಾತ್ರಿ ಬಸ್ಸಿಗೆ ಹೋದಾಗೆಲ್ಲ ನಿಮ್ಮಮ್ಮನಿಗೆ ನಿದ್ದೆ ಬರ್ತಿರಲಿಲ್ಲ. ನನಗೂ ಬರ್ತಿರಲಿಲ್ಲ. ಬೆಳಗಾಗೋವರೆಗೂ ಇಬ್ಬರೂ ಆಡ್ತಾ ಕೂತಿರ್ತಿದ್ವಿ.”

ಡ್ರೈವರ್ ತಾನೇ ಗ್ಲಾಸು ಎತ್ತಿಕೊಂಡ. ಒಂದೇ ಗುಟುಕಿಗೆ ಕುಡಿದು, ಮುಖ ಕಿವುಚಿ, ಕೆಳಗಿಟ್ಟ.

“ಅಮ್ಮನ ಹತ್ರ ನಾನು ಒಂದ್ಸಲಾನೂ ಗೆದ್ದಿರಲಿಲ್ಲ,” ಎಂದ. “ಇನ್ನೊಂದಾಟ ಹಾಕು.”