ತಾತನ ರೆಕಾರ್ಡಿನ ಜಂಪ್

"ನಿಲ್ಸಿ, ನಿಲ್ಸಿ," ಎಂದು ಸಂಗೀತದ ಮೇಡಂ ಮೇಜು ತಟ್ಟಿದರು. "ಮತ್ತೆ ಯಾರು ಹಾರಿದ್ದು?"

ಕೊಳಲುಗಳೆಲ್ಲ ಒಂದೊಂದಾಗಿ ನಿಂತವು. ಎಲ್ಲರೂ ಇನ್ನೂ ರಾಗದ ನಡುವಿನಲ್ಲಿದ್ದರು. ಗುಂಡಿ ಮಾತ್ರ ಆಗಲೇ ಕೊನೆ ಮುಟ್ಟಿ, ತನ್ನ ಕೊಳಲನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು.

ಗುಂಡಿಗೆ ಒಳ್ಳೆಯದೊಂದು ಹೆಸರು ಇತ್ತು, ಹಾಜರಿ ಕರೆಯುವಾಗ ಕೇಳಿಸುತ್ತಿತ್ತು. ಆದರೆ ಅವಳ ತಾತ ದರ್ಜಿ. ಪಾಪುವಾಗಿದ್ದಾಗ ಅವಳು ತಾತನ ಡಬ್ಬಿಯಿಂದ ಒಂದು ಕೋಟಿನ ಗುಂಡಿ ನುಂಗಿದ್ದಳು. ಗುಂಡಿ ಮಾರನೆಯ ದಿನ ಹೊರಗೆ ಬಂತು, ಹೇಗೆ ಅಂತ ಕೇಳಬೇಡಿ. ಹೆಸರು ಮಾತ್ರ ಅಂಟಿಕೊಂಡಿತು.

"ನಾನು ಹಾರಿಲ್ಲ ಮೇಡಂ," ಎಂದಳು ಗುಂಡಿ. "ಪೀಪಿ ಕೊಳಲು ಕೀಂ ಅಂತು. ಅದಕ್ಕೇ ಎಲ್ಲರಿಗೂ ಗಲಿಬಿಲಿ ಆಯ್ತು."

ಪಕ್ಕದಲ್ಲಿದ್ದ ಪೀಪಿ ತಲೆ ತಗ್ಗಿಸಿದಳು. ಅವಳ ಕೊಳಲು ಯಾವಾಗಲೂ ಕೀಂ ಅನ್ನುತ್ತಿತ್ತು ನಿಜ. ಅದಕ್ಕೇ ಅವಳಿಗೆ ಪೀಪಿ ಅಂತ ಹೆಸರು ಬಂದದ್ದು. ಆ ಹೆಸರು ಇಟ್ಟವಳು ಗುಂಡಿಯೇ.

"ಪೀಪಿ ಕೀಂ ಅಂದ್ರೂ ದಾರಿ ತಪ್ಪಲಿಲ್ಲ," ಎಂದರು ಮೇಡಂ. "ನೀನು ದಿನಾ ಅದೇ ಜಾಗದಲ್ಲಿ ನಾಲ್ಕು ಸಾಲು ನುಂಗ್ತೀಯ."

ನುಂಗುವ ವಿಷಯ ಬಂದದ್ದೇ ಕ್ಲಾಸೆಲ್ಲ ಕಿಸಕ್ಕೆಂದಿತು. ಗುಂಡಿಗೆ ಉರಿದುಹೋಯಿತು.

"ಅಲ್ಲಿ ನಾಲ್ಕು ಸಾಲು ಇಲ್ವೇ ಇಲ್ಲ ಮೇಡಂ. ಅಲ್ಲಿರೋದು ಜಂಪ್. ನಮ್ಮ ತಾತನ ರೆಕಾರ್ಡ್‌ನಲ್ಲಿ ಪಿಟೀಲಿನವರೇ ಹಾಗೆ ನುಡಿಸಿದಾರೆ. ನೀವೇ ತಪ್ಪು ಹೇಳಿಕೊಡ್ತಿದೀರ."

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತೀಯ. ಸರಿ, ಅದೇ ಪಿಟೀಲಿನವರ ರೆಕಾರ್ಡ್ ನನ್ನ ಹತ್ರನೂ ಇದೆ. ಭಾನುವಾರ ನಿಮ್ಮನೆಗೇ ತರ್ತೀನಿ, ಎರಡನ್ನೂ ಹಾಕಿ ಕೇಳೋಣ. ನಿಂದು ಸರಿ ಆದ್ರೆ ಇಡೀ ಕ್ಲಾಸಿಗೆ ಜಂಪ್ ಹೇಳಿಕೊಡ್ತೀನಿ. ತಪ್ಪಾದ್ರೆ ಸ್ಕೂಲ್ ಡೇಗೆ ನೀನು ಕೊಳಲು ಹಿಡಿಯೋ ಹಾಗಿಲ್ಲ. ಪರದೆ ಎಳೀತೀಯ."

ಪರದೆ ಎಳೆಯುವವರು ಯಾರಿಗೂ ಕಾಣುವುದಿಲ್ಲ. ಮೊದಲ ಸಾಲಿನಲ್ಲಿ ನಿಲ್ಲಬೇಕೆಂದು ಗುಂಡಿ ವರ್ಷವಿಡೀ ತುಟಿ ಬಾತುಕೊಳ್ಳುವಷ್ಟು ಊದಿದ್ದಳು. ಆದರೂ ಅವಳಿಗೆ ಅಷ್ಟೇನೂ ಭಯವಾಗಲಿಲ್ಲ. ತಾತನ ರೆಕಾರ್ಡ್ ತಪ್ಪುವುದುಂಟೇ?

*

ಗುಂಡಿಯ ಮನೆಯಲ್ಲಿ ಭಾನುವಾರ ಎಂದರೆ ರೆಕಾರ್ಡ್ ಪಂದ್ಯ. ಅಮ್ಮ ಬಸ್ ಓಡಿಸುವವಳು, ಭಾನುವಾರವೂ ಡ್ಯೂಟಿ. ಉಳಿದವರು ತಾತನ ಹೊಲಿಗೆ ಕೋಣೆಯಲ್ಲಿ ಸೇರುತ್ತಾರೆ. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ರೆಕಾರ್ಡ್ ಪ್ಲೇಯರ್ ಇರುತ್ತದೆ. ತಾತ ಒಂದು ಶಾಸ್ತ್ರೀಯ ಸಂಗೀತದ ರೆಕಾರ್ಡ್ ಹಾಕಿದರೆ, ಅಪ್ಪ ಒಂದು, ಅತ್ತೆ ಒಂದು. ಯಾರದು ಚೆನ್ನ ಅಂತ ಆಮೇಲೆ ಸಂಜೆಯವರೆಗೆ ಜಗಳ.

ಪಂದ್ಯಕ್ಕೆ ಒಂದೇ ನಿಯಮ. ರೆಕಾರ್ಡ್ ಓಡುತ್ತಿರುವಾಗ ಬಾಯಿ ಬಿಟ್ಟವರು ಎಲ್ಲರಿಗೂ ಟೀ ಮಾಡಬೇಕು. ಒಮ್ಮೆ ಅತ್ತೆಯ ಕಾಲಿನ ಮೇಲೆ ಇಸ್ತ್ರಿಪೆಟ್ಟಿಗೆ ಬಿತ್ತು. ಅವಳು ರಾಗ ಮುಗಿಯುವವರೆಗೆ ಕಾದು, ಆಮೇಲೆ ಅಯ್ಯೋ ಎಂದಳು.

ಭಾನುವಾರ ಮೇಡಂ ಕಂಕುಳಲ್ಲಿ ರೆಕಾರ್ಡ್ ಇಟ್ಟುಕೊಂಡು ಬಂದರು.

"ಬನ್ನಿ ಮೇಡಂ, ಕೂತ್ಕೊಳ್ಳಿ," ಎಂದು ತಾತ ಕುರ್ಚಿಯ ಮೇಲಿದ್ದ ಪ್ಯಾಂಟುಗಳನ್ನು ಎತ್ತಿ ಅಪ್ಪನ ಮಡಿಲಿಗೆ ಹಾಕಿದರು. ಅಪ್ಪ ಬೇಕರಿಯಿಂದ ಆಗಷ್ಟೇ ಬಂದಿದ್ದ. ಕಿವಿಯ ತುದಿಯಲ್ಲಿ ಹಿಟ್ಟು ಹಾಗೇ ಇತ್ತು.

"ಈ ಮನೇಲಿ ಜಂಪ್ ಬಗ್ಗೆ ಕೆಟ್ಟದಾಗಿ ಮಾತಾಡಂಗಿಲ್ಲ ಮೇಡಂ," ಎಂದಳು ಅತ್ತೆ. ಅವಳು ನರ್ಸ್. "ನಾನು ಇಂಜೆಕ್ಷನ್ ಕೊಡೋವಾಗ ಇದೇ ರಾಗ ಗುನುಗ್ತೀನಿ. ಜಂಪ್ ಬಂದ ತಕ್ಷಣ ಚುಚ್ಚಿಬಿಡ್ತೀನಿ. ಏನಾಯ್ತು ಅಂತ ಅವರು ಯೋಚನೆ ಮಾಡೋದ್ರೊಳಗೆ ಮುಗಿದಿರುತ್ತೆ."

ಮೊದಲು ತಾತನ ರೆಕಾರ್ಡ್. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ತಾತನೇ ಕವರಿನಿಂದ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮುಳ್ಳನ್ನು ಮೆಲ್ಲಗೆ ಇಟ್ಟರು.

ಪಿಟೀಲು ಎದ್ದಿತು, ಓಡಿತು, ಮೇಲೆ ಮೇಲೆ ಹತ್ತಿತು. ಆ ಜಾಗ ಹತ್ತಿರ ಬಂತು. ಟಕ್. ಪಿಟೀಲು ಒಂದೇ ನೆಗೆತಕ್ಕೆ ಎಲ್ಲಿಗೋ ಹೋಗಿ ಇಳಿಯಿತು. ಅಪ್ಪ, ಅತ್ತೆ, ತಾತ, ಗುಂಡಿ ನಾಲ್ವರೂ ಕೂತಲ್ಲೇ ಒಟ್ಟಿಗೆ ಕುಪ್ಪಳಿಸಿದರು. ಅವರಿಗೆ ಅದು ರೂಢಿ. ಮೇಡಂ ಮಾತ್ರ ಬೆಚ್ಚಿ ಕುರ್ಚಿ ಹಿಡಿದುಕೊಂಡರು.

ಆಮೇಲೆ ಮೇಡಂ ರೆಕಾರ್ಡ್. ಅದೇ ಪಿಟೀಲು, ಅದೇ ಓಟ. ಆ ಜಾಗ ಬಂತು. ನಾಲ್ವರೂ ಕುಪ್ಪಳಿಸಿದರು. ಪಿಟೀಲು ಕುಪ್ಪಳಿಸಲಿಲ್ಲ.

ಅದು ಮೆಲ್ಲಗೆ ತಿರುಗಿ, ಗುಂಡಿ ಎಂದೂ ಕೇಳಿರದ ಒಂದು ದಾರಿಗೆ ಹೊರಳಿತು. ಅತ್ತೆಯ ಕಣ್ಣುಗಳು ಗುಂಡಗಾದವು. ಅಪ್ಪನ ಬಾಯಿ ತೆರೆಯಿತು, ಟೀ ನೆನಪಾಗಿ ಮುಚ್ಚಿತು. ರಾಗ ಮುಗಿದದ್ದೇ ತಡ, ಇಬ್ಬರೂ ಒಟ್ಟಿಗೆ ಶುರುಮಾಡಿದರು.

"ಪಾಪ, ಅಲ್ಲಿ ಎಡವಿಬಿಟ್ರು," ಎಂದಳು ಅತ್ತೆ.

"ಅವತ್ತು ಮೈ ಹುಷಾರಿರಲಿಲ್ವೇನೋ," ಎಂದ ಅಪ್ಪ.

ಮೇಡಂ ತಾತನನ್ನು ಕೇಳಿ ಅವರ ರೆಕಾರ್ಡ್ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಗುಂಡಿ ಅವರ ತೋಳಿನ ಕೆಳಗಿನಿಂದ ಇಣುಕಿದಳು. ಕಪ್ಪು ತಟ್ಟೆಯ ಮೇಲೆ ಒಂದು ಗೀರು. ಬಾಗಿದ, ಆಳವಾದ ಗೀರು.

"ಮುಳ್ಳು ಇಲ್ಲಿಗೆ ಬಂದು ಜಾರ್ತಿದೆ," ಎಂದರು ಮೇಡಂ. "ಜಂಪ್ ಪಿಟೀಲಿನವರದ್ದಲ್ಲ. ಯಾವುದೋ ಚೂಪಾದ್ದು ಕೊರೆದಿದೆ."

ಪರದೆಯ ಹಗ್ಗ ಗುಂಡಿಯ ಕಣ್ಣ ಮುಂದೆ ಬಂತು.

"ಯಾವುದೋ ಬೆಕ್ಕು ಪರಚಿರಬೇಕು," ಎಂದರು ತಾತ ಬೇಗನೆ.

"ನಮ್ಮನೇಲಿ ಬೆಕ್ಕು ಯಾವತ್ತಿತ್ತು?" ಎಂದಳು ಅತ್ತೆ.

"ಬಂದು ಹೋಗೋ ಬೆಕ್ಕು. ಮೇಡಂ, ನಿಮ್ಮ ರೆಕಾರ್ಡ್ ಇನ್ನೊಂದು ಸಲ ಹಾಕ್ತೀರಾ?"

ಮತ್ತೆ ಪಿಟೀಲು. ಗುಂಡಿ ಸುತ್ತ ನೋಡಿದಳು. ತಾತ ಕಣ್ಣು ಮುಚ್ಚಿದ್ದರು. ಅಪ್ಪ ಮಾತ್ರ ಕೂತಲ್ಲಿ ಕೂರಲಾರದೆ ಮಡಿಲಿನ ಪ್ಯಾಂಟುಗಳನ್ನು ಹಿಂಡುತ್ತಿದ್ದ. ಅವನ ಕಿವಿ ಕೆಂಪಾಗಿ, ಹಿಟ್ಟು ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ.

ಆ ಜಾಗ ಬಂತು. ಪಿಟೀಲು ಹೊಸ ದಾರಿಗೆ ಹೊರಳಿತು.

"ಅಪ್ಪ, ಬೆಕ್ಕಲ್ಲ, ನಾನು," ಎಂದು ಅಪ್ಪ ತಾತನಿಗೆ ಹೇಳಿದ. "ಬುಗುರಿ. ಚಿಕ್ಕವನಿದ್ದಾಗ, ತಿರುಗೋ ರೆಕಾರ್ಡ್ ಮೇಲೆ ಬುಗುರಿ ಬಿಟ್ರೆ ಡಬಲ್ ಸ್ಪೀಡ್ ಬರುತ್ತೆ ಅಂದ್ಕೊಂಡೆ. ಬರಲಿಲ್ಲ."

ತಾತ ಕಣ್ಣು ತೆರೆಯದೆ ಒಂದು ಬೆರಳು ಎತ್ತಿದರು. ಇರು, ಎಂದು. ರೆಕಾರ್ಡ್ ಇನ್ನೂ ಅರ್ಧ ಬಾಕಿ ಇತ್ತು. ಅಷ್ಟೂ ಹೊತ್ತು ಅಪ್ಪ, ಅಷ್ಟು ದೊಡ್ಡ ಮೀಸೆಯ ಅಪ್ಪ, ಹೋಂವರ್ಕ್ ಮರೆತು ಬಂದವನ ಹಾಗೆ ಮುಖ ಹುಳ್ಳಗೆ ಮಾಡಿಕೊಂಡು ಕೂತಿದ್ದ. ಅತ್ತೆ ನಗು ತಡೆಯಲು ಅಳತೆ ಟೇಪು ಕಚ್ಚಿಕೊಂಡಳು.

ಪಿಟೀಲು ನಿಂತಿತು. ತಾತ ಮುಳ್ಳು ಎತ್ತಿದರು.

"ಮಾತಾಡಿದೆ," ಎಂದರು. "ಟೀ ನಿಂದು."

"ಅಪ್ಪ, ನಾನು ಹೇಳಿದ್ದು ಕೇಳಿಸ್ತಾ?"

"ಗೊತ್ತಿರೋದನ್ನೇ ಎಷ್ಟು ಸಲ ಕೇಳ್ಲಿ? ಅವತ್ತು ನೀನು ಈ ಮೇಜಿನ ಕೆಳಗೆ ಕೂತು ಬಿಕ್ಕಿ ಅಳ್ತಾ ಇದ್ದೆ. ಬುಗುರಿ ಕೈಯಲ್ಲೇ ಇತ್ತು."

"ಮತ್ಯಾಕೆ ಬೈಲಿಲ್ಲ?"

"ಬೈಯೋಣ ಅಂತಾನೇ ರೆಕಾರ್ಡ್ ಹಾಕ್ದೆ. ಎಷ್ಟು ಹಾಳಾಗಿದೆ ನೋಡ್ಬೇಕಿತ್ತು. ಟಕ್ ಅಂತ ಹಾರಿತು. ಮೇಜಿನ ಕೆಳಗೆ ನಿನ್ನ ಉಸಿರೇ ನಿಂತುಹೋಯ್ತು. ನನಗೆ ಏನು ಹೇಳಬೇಕೋ ತೋಚದೆ, ಆಹಾ, ಎಂಥಾ ಜಂಪ್ ಅಂದೆ. ನೀನು ಹೊರಗೆ ಬಂದೆ. ಆಮೇಲೆ ನಾನು ಅದನ್ನೇ ನಡೆಸ್ಕೊಂಡು ಬಂದೆ, ಇನ್ನೇನು."

ಅಪ್ಪ ಎದ್ದ. ಪ್ಯಾಂಟುಗಳನ್ನು ಅಪ್ಪಿಕೊಂಡೇ ಅಡುಗೆಮನೆಗೆ ನಡೆದ.

"ಅಂದ್ರೆ ನನ್ನ ಇಂಜೆಕ್ಷನ್ನು ಬುಗುರಿಯದಾ?" ಎಂದು ಅತ್ತೆ ಅವನ ಹಿಂದೆಯೇ ಓಡಿದಳು. ಒಳಗಿನಿಂದ ಇಬ್ಬರ ನಗುವೂ ಕೇಳಿಸಿತು.

ಮೇಡಂ ತಮ್ಮ ರೆಕಾರ್ಡನ್ನು ಕವರಿಗೆ ತುಂಬತೊಡಗಿದರು. ಗುಂಡಿ ತಾತನ ಪಕ್ಕಕ್ಕೆ ಸರಿದಳು.

"ತಾತ, ಆ ನಾಲ್ಕು ಸಾಲು ನಿನಗೆ ಮೊದಲೇ ಗೊತ್ತಿತ್ತಾ?"

ತಾತ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಆಮೇಲೆ ಬಗ್ಗಿ, ಪಿಸುಗುಟ್ಟಿದರು. "ಆ ನಾಲ್ಕು ಸಾಲಿಗೋಸ್ಕರಾನೇ ರೆಕಾರ್ಡ್ ತಗೊಂಡಿದ್ದು."

"ಮತ್ತೆ ಇನ್ನೊಂದು ತರಬಹುದಿತ್ತಲ್ಲ?"

"ತಂದಿದ್ರೆ ನನಗೆ ಗೊತ್ತಿದೆ ಅಂತ ನಿಮ್ಮಪ್ಪನಿಗೆ ಗೊತ್ತಾಗಿಬಿಡ್ತಿತ್ತು."

ಗುಂಡಿ ತಾತನ ಮುಖವನ್ನೇ ನೋಡಿದಳು. ಅಪ್ಪ ಬುಗುರಿ ಆಡಿಸುತ್ತಿದ್ದ ಕಾಲದಿಂದ ಇವತ್ತಿನವರೆಗೆ ಎಷ್ಟು ಭಾನುವಾರ ಆಗಿರಬಹುದೆಂದು ಲೆಕ್ಕ ಹಾಕಲು ಹೋದಳು. ಲೆಕ್ಕ ಸಿಗಲಿಲ್ಲ.

"ಮೇಡಂ," ಎಂದಳು. "ನಾನು ಪರದೆ ಎಳೀತೀನಿ. ಆದ್ರೆ ಆ ನಾಲ್ಕು ಸಾಲು ನನಗೆ ಹೇಳಿಕೊಡ್ತೀರಾ? ತಾತನಿಗೆ ನುಡಿಸಿ ತೋರಿಸ್ಬೇಕು."

ಮೇಡಂ ಕನ್ನಡಕ ತೆಗೆದು ಒರೆಸಿದರು. ಈ ಸಲ ಸ್ವಲ್ಪ ಹೆಚ್ಚು ಹೊತ್ತು. "ಹೇಳಿಕೊಡ್ತೀನಿ. ಬುಧವಾರದೊಳಗೆ ಕಲಿತರೆ ಪರದೆಗೆ ಬೇರೆ ಯಾರನ್ನಾದ್ರೂ ನೋಡ್ತೀನಿ."

ಅಪ್ಪ ತಂದ ಟೀಗೆ ಸಕ್ಕರೆಯೇ ಇರಲಿಲ್ಲ. ತಾತ ಒಂದು ಗುಟುಕು ಕುಡಿದು, "ಚೆನ್ನಾಗಿದೆ," ಎಂದರು.

*

ಬುಧವಾರದ ಕ್ಲಾಸಿನಲ್ಲಿ ಗುಂಡಿ ಹಾರಲಿಲ್ಲ. ಕುಪ್ಪಳಿಸಲು ಎದ್ದ ಕಾಲನ್ನು ಇನ್ನೊಂದು ಕಾಲಿನಿಂದ ಒತ್ತಿ ಹಿಡಿದು, ನಾಲ್ಕು ಸಾಲನ್ನೂ ನುಡಿಸಿದಳು. ನಾಲ್ಕನೆಯ ಸಾಲು ಮುಗಿಯುತ್ತಿದ್ದಂತೆ ಪಕ್ಕದಲ್ಲಿ ಜೋರಾಗಿ ಕೀಂ ಎಂದಿತು.

"ನಿಲ್ಸಿ, ನಿಲ್ಸಿ. ಯಾರದು?"

ಎಲ್ಲರ ತಲೆಯೂ ಪೀಪಿಯ ಕಡೆ ತಿರುಗಿತು. ಪೀಪಿ ತನ್ನ ಕೊಳಲನ್ನು ಬೆನ್ನ ಹಿಂದೆ ಇಟ್ಟುಕೊಂಡು ನೆಲ ನೋಡುತ್ತಿದ್ದಳು. ಅವಳ ಉಸಿರೇ ಕೇಳಿಸುತ್ತಿರಲಿಲ್ಲ.

ಗುಂಡಿಗೆ ಮೇಜಿನ ಕೆಳಗೆ ಕೂತ ಪುಟ್ಟ ಅಪ್ಪ ಕಂಡ. ಮೀಸೆಯಿಲ್ಲದ ಅಪ್ಪ.

"ಆಹಾ," ಎಂದಳು ಗುಂಡಿ. "ಎಂಥಾ ಕೀಂ."

ಅಣಕವಿರಬಹುದೆಂದು ಪೀಪಿ ಓರೆಗಣ್ಣಿನಿಂದ ನೋಡಿದಳು. ಅಣಕವಿರಲಿಲ್ಲ. ಅವಳು ಕೊಳಲನ್ನು ಮೆಲ್ಲಗೆ ಮುಂದಕ್ಕೆ ತಂದಳು. ಮೇಡಂ ಇಬ್ಬರನ್ನೂ ಒಂದು ಸಲ ನೋಡಿ, ಬೆನ್ನು ತಿರುಗಿಸಿ, "ಮೊದಲಿಂದ," ಎಂದರು.