ಅವಳು ಮುಂದೂಡಿದ ಮಧ್ಯಾಹ್ನ

"ನಾಳೆ ಮಧ್ಯಾಹ್ನ ಊಟಕ್ಕೆ ಹೊರಗೆ ಹೋಗೋಣ್ವಾ? ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

ಅಷ್ಟು ಹೇಳಿ ಅವನು ಅವಳ ಮೇಜಿನ ಮೇಲಿದ್ದ ಸ್ಟೇಪ್ಲರ್ ಎತ್ತಿಕೊಂಡು, ಜನ್ಮದಲ್ಲೇ ನೋಡಿರದ ವಸ್ತುವೆಂಬಂತೆ ತಿರುಗಿಸಿ ನೋಡಿ, ಮತ್ತೆ ಅಲ್ಲೇ ಇಟ್ಟ. ಕಿವಿಯ ತುದಿ ಕೆಂಪಾಗಿತ್ತು. ಅವಳು ಸ್ಕ್ರೀನಿನಿಂದ ಕಣ್ಣು ಕೀಳದೆ, "ನೋಡೋಣ" ಅಂದಳು.

ಆಫೀಸಿನವರೆಲ್ಲ ಅವನ ಎತ್ತರ ನೋಡಿ ಉದ್ದಣ್ಣ ಎಂದು ಕರೆಯುತ್ತಿದ್ದರು. ಅವಳೊಬ್ಬಳೇ ಆ 'ಅಣ್ಣ'ನನ್ನು ನುಂಗಿಕೊಂಡು, "ರೀ, ಇಲ್ಲಿ ನೋಡಿ" ಎನ್ನುತ್ತಿದ್ದಳು. ಪಕ್ಕದ ಸೀಟಿನ ಅಕೌಂಟ್ಸ್ ಅಕ್ಕ ಇದನ್ನು ಯಾವತ್ತೋ ಪತ್ತೆ ಹಚ್ಚಿದ್ದಳು. "ಏನೇ, ಅಣ್ಣ ಅನ್ನೋಕೆ ನಿನ್ನ ನಾಲಿಗೆ ಹೊರಳಲ್ವಾ?" ಎಂದು ಕಿಚಾಯಿಸುತ್ತಿದ್ದಳು.

ಅವನು ಕೇಳುವ ಮಾತು ಏನೆಂದು ತಿಳಿಯದಷ್ಟು ಪೆದ್ದಿಯೇನಲ್ಲ ಅವಳು. ತಿಳಿದದ್ದೇ ಭಯಕ್ಕೆ ಕಾರಣ. ಅವಳ ಸ್ವಂತ ಅಕ್ಕ ಒಬ್ಬನಿಗೆ ನಗುನಗುತ್ತಾ ಹೂಂ ಅಂದು, ಅವನು ಇನ್ನೊಬ್ಬಳ ಹಿಂದೆ ಹೋದ ಮೇಲೆ ಸೂಟ್‌ಕೇಸ್ ಹಿಡಿದು ಮನೆಗೆ ವಾಪಸ್ ಬಂದಿದ್ದಳು. ಈಗಲೂ ಕರೆಗಂಟೆ ಸದ್ದಾದರೆ ಅಕ್ಕನ ಮುಖ ಅರಳಿ ಮತ್ತೆ ಬಾಡುತ್ತಿತ್ತು. ಅದನ್ನು ದಿನಾ ನೋಡುವ ತಂಗಿಗೆ ಹೂಂ ಅನ್ನುವುದೆಂದರೆ ಮಹಡಿ ಅಂಚಿನಲ್ಲಿ ನಿಂತ ಹಾಗಾಗುತ್ತಿತ್ತು.

ಹೊಗೆ ಕಂಡರೆ ಕೂಗುವ ಅಲಾರಂ ಮಾರುವ ಕಂಪನಿ ಅದು. ಗಿರಾಕಿಗಳಿಗೆ ಹೋಗಬೇಕಾದ ಮೇಲ್‌ಗಳೆಲ್ಲ ಮೊದಲೇ ತಯಾರಾಗಿ, ಉದ್ದಣ್ಣನ ಹೆಸರು ಹೊತ್ತು ಸಾಲಾಗಿ ಕಾಯುತ್ತಿರುತ್ತವೆ. ಯಾವುದು ಮೊದಲು, ಯಾವುದು ನಾಳೆಗೆ, ಯಾವುದು ಮುಂದಿನ ವಾರಕ್ಕೆ ಎಂದು ಜೋಡಿಸುವುದು ಅವಳ ಕೆಲಸ. ಹೊತ್ತಾದಾಗ ಕಂಪ್ಯೂಟರ್ ತಾನೇ ಕಳಿಸುತ್ತದೆ. ಗಿರಾಕಿ ಬನ್ನಿ ಅಂದರೆ ಅವನು ಬ್ಯಾಗು ಹೊತ್ತು ಹೊರಡಬೇಕು.

ಅವತ್ತು ಸಂಜೆಯೊಳಗೆ ಅವಳು ಆ ಸಾಲನ್ನು ಕಲಕಿದಳು. ಒಂದು ಹಳೇ ಕಟ್ಟಡದ ಆಫೀಸಿನವರು ನಮ್ಮ ಮೇಲನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದಾರೆ ಎಂದು ಸ್ಕ್ರೀನು ತೋರಿಸುತ್ತಿತ್ತು. ಅವರಿಗೆ ಹೋಗಬೇಕಾದ ಮುಂದಿನ ವಾರದ ಮೇಲನ್ನು ಎಳೆದು ಸಾಲಿನ ತಲೆಗೆ ತಂದಳು, ಆ ಆಫೀಸಿಗೆ ಹೋಗುವುದೆಲ್ಲ ಮೊದಲ ಆದ್ಯತೆ ಎಂದು ಗುರುತು ಹಾಕಿದಳು. ಅವರು ಖಂಡಿತ ಕರೆಯುತ್ತಾರೆ, ಇವನು ಹೋಗುತ್ತಾನೆ, ಊಟ ತಪ್ಪುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. "ನಾಳೆ ಮಧ್ಯಾಹ್ನವೇ ಬನ್ನಿ, ನಮ್ಮ ವೈರುಗಳು ಹದಗೆಟ್ಟಿವೆ" ಎಂದು ಉತ್ತರ ಬಂತು.

"ಥತ್, ನಾಳೆನೇ ಬೇಕಿತ್ತಾ ಇವರಿಗೆ?" ಅವನು ಅವಳತ್ತ ನೋಡಿ ಪೆಚ್ಚಾಗಿ ನಕ್ಕ.

ಅವಳು ಏನೂ ಅರಿಯದವಳಂತೆ ಪೆನ್ನಿನ ಕ್ಯಾಪು ಹುಡುಕತೊಡಗಿದಳು.

ಮರುದಿನ ಮಧ್ಯಾಹ್ನ ಅಕೌಂಟ್ಸ್ ಅಕ್ಕ ಫೋನು ನೋಡುತ್ತಿದ್ದವಳು ಎದ್ದು ನಿಂತಳು. "ಅಯ್ಯೋ, ಆ ಹಳೇ ಕಟ್ಟಡಕ್ಕೆ ಬೆಂಕಿ ಬಿದ್ದಿದೆಯಂತೆ! ಉದ್ದಣ್ಣ ಅಲ್ಲಿಗೇ ಅಲ್ವಾ ಹೋಗಿದ್ದು?"

ಅವಳು ಅವನಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಮತ್ತೆ ಅದೇ ಹೆಣ್ಣು ದನಿ, ಅದೇ ಮಾತು.

ಮ್ಯಾನೇಜರ್ ಕ್ಯಾಬಿನ್ನಿನಿಂದ ಓಡಿ ಬಂದ. "ಆ ಕಟ್ಟಡದವರಿಗೆ ಇವತ್ತು ಇನ್ನೂ ಮೇಲ್ ಇದೆಯಾ? ಮೊದಲು ನಿಲ್ಲಿಸಮ್ಮಾ! ಜನ ಉಗಿದು ಉಪ್ಪಿನಕಾಯಿ ಹಾಕ್ತಾರೆ!"

ಇದ್ದವು. ಅದೇ ಕಟ್ಟಡದ ಬೇರೆ ಬೇರೆ ಆಫೀಸುಗಳಿಗೆ ಹೋಗಬೇಕಾದವು. 'ಬೆಂಕಿ ಹೇಳಿ ಬರುವುದಿಲ್ಲ, ನೀವು ತಯಾರಿದ್ದೀರಾ?' ಎಂಬ ಸಾಲು, ಕೆಳಗೆ ಅವನ ಹೆಸರು. ಒಂದೊಂದನ್ನೇ ಹಿಂದಕ್ಕೆ ತಳ್ಳಿದಳು. ಪ್ರತಿ ಸಲವೂ ಅವನ ಹೆಸರು ಕಣ್ಣಿಗೆ ಬೀಳುತ್ತಿತ್ತು. ನಾನೇ ಕಳಿಸಿದೆ, ನನ್ನ ಕೈಯಾರೆ ಕಳಿಸಿದೆ ಎಂದು ಮನಸ್ಸು ಚೀರುತ್ತಿತ್ತು. ಅವನಿಗೆ ಏನಾದರೂ ಆಗಿದ್ದರೆ ಈ ಸಾಲಿನಲ್ಲಿರುವ ಹೆಸರನ್ನು ಯಾರು ಅಳಿಸಬೇಕು? ಅವಳೇ.

ಅವನು ಹೋಗಿದ್ದ ಆಫೀಸಿನ ಇವತ್ತಿನ ಮೇಲಿಗೆ ಬರುವಷ್ಟರಲ್ಲಿ ಕೈ ಮೀರಿತ್ತು. ಮೊದಲ ಆದ್ಯತೆಯದ್ದು ಯಾರಿಗೂ ಕಾಯುವುದಿಲ್ಲ. ಅದು ಹೋಗಿಯಾಗಿತ್ತು.

ಅವಳು ಮುಖ ಮುಚ್ಚಿಕೊಂಡಳು. ಅಕೌಂಟ್ಸ್ ಅಕ್ಕ ಬೆನ್ನು ಸವರುತ್ತಾ, "ಏನೂ ಆಗಿರಲ್ಲ ಕಣೇ" ಎನ್ನುತ್ತಿದ್ದಳು.

ಟಣ್ ಎಂದಿತು. ಅವನ ಹೆಸರಿಗೆ ಬಂದ ಉತ್ತರ.

'ಸ್ವಲ್ಪನಾದರೂ ಮಾನ ಮರ್ಯಾದೆ ಇದೆಯೇನ್ರೀ? ನಮ್ಮ ಕಟ್ಟಡ ಉರಿಯುತ್ತಿದೆ, ನಾವೆಲ್ಲ ಬೀದಿಯಲ್ಲಿ ನಿಂತಿದ್ದೇವೆ, ನೀವು ಮೇಲ್ ಕಳಿಸುತ್ತೀರಾ? ಅಲ್ಲ, ಇಲ್ಲೇ ನನ್ನ ಪಕ್ಕದಲ್ಲಿ ಕೂತು ಕೆಮ್ಮುತ್ತಿದ್ದೀರಲ್ಲ, ಕೈಯಲ್ಲಿ ಫೋನೂ ಇಲ್ಲ, ಹೇಗೆ ಕಳಿಸಿದಿರಿ?'

ಓದಿ ಜೋರಾಗಿ ಅತ್ತಳು. ಬೈಗುಳ ಓದಿ ಇಷ್ಟು ಸುಖಪಟ್ಟವರು ಇನ್ನೊಬ್ಬರಿರಲಾರರು. ಮ್ಯಾನೇಜರ್ "ಏನಾಯ್ತು?" ಎನ್ನುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ಆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಹೊರಗೆ ಬಂದಿದ್ದಾರೆ ಎಂದು ಯಾರೋ ಯಾರಿಗೋ ಹೇಳುತ್ತಿದ್ದರು. ಅವನು ಫುಟ್‌ಪಾತಿನ ಅಂಚಿನಲ್ಲಿ ಉದ್ದ ಕಾಲು ಮಡಚಿ ಕೂತಿದ್ದ. ಅಂಗಿಯೆಲ್ಲ ಮಸಿ, ಒಂದೇ ಶೂ. ಅವಳನ್ನು ಕಂಡು ಏಳಲು ಹೋಗಿ ಕೆಮ್ಮಿ ಕೂತುಬಿಟ್ಟ.

"ನೀವ್ಯಾಕೆ ಬಂದ್ರಿ ಈ ಹೊಗೇಲಿ?"

"ನಾನೇ ಕಳಿಸಿದ್ದು," ಅಂದಳು. ನಿಂತೇ ಇದ್ದಳು. "ಆ ಮೇಲ್ ಮುಂದಿನ ವಾರದ್ದು. ಊಟ ತಪ್ಪಿಸ್ಬೇಕು ಅಂತ ನಾನೇ ಮುಂದಕ್ಕೆ ತಂದೆ."

ಈಗ ಎದ್ದು ಹೋಗುತ್ತಾನೆ ಎಂದು ಅವಳು ಹಲ್ಲು ಕಚ್ಚಿ ಕಾದಳು.

"ಬೇಡ ಅನ್ನೋಕೆ ಅಷ್ಟು ಭಯವಾ ನನ್ನ ಕಂಡ್ರೆ? ಹೇಳಿದ್ರೆ ಆಗ್ತಿತ್ತಲ್ರೀ."

"ಬೇಡ ಅನ್ನೋಕಲ್ಲ." ಅವಳು ಅವನ ಒಂಟಿ ಶೂ ನೋಡುತ್ತಾ ಅಂದಳು. "ಹೂಂ ಅನ್ನೋಕೆ."

ಅವನು ತಲೆಯೆತ್ತಿ ನೋಡಿದ. ಮಸಿ ಮೆತ್ತಿದ ಮುಖದಲ್ಲಿ ಕಣ್ಣುಗಳಷ್ಟೇ ಒದ್ದೆಯಾಗಿ ಹೊಳೆಯುತ್ತಿದ್ದವು.

"ಮೆಟ್ಟಿಲಲ್ಲಿ ಏನೂ ಕಾಣ್ತಿರ್ಲಿಲ್ಲ," ಅಂದ. "ಮುಂದಿದ್ದವರ ಅಂಗಿ ಹಿಡ್ಕೊಂಡು ಇಳಿದೆ. ಆ ಮನುಷ್ಯನಿಗೂ ದಾರಿ ಗೊತ್ತಿರ್ಲಿಲ್ವಂತೆ, ಆಮೇಲೆ ಹೇಳಿದ. ನಂಗೂ ಭಯ ಇನ್ನೂ ಹೋಗಿಲ್ಲ, ನೋಡಿ."

ಚಾಚಿದ ಅಂಗೈ ಗಡಗಡ ನಡುಗುತ್ತಿತ್ತು. ಅವಳು ಪಕ್ಕದಲ್ಲಿ ಕೂತು ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳ ಕೈಗಳೂ ನಡುಗುತ್ತಿದ್ದುದರಿಂದ ಯಾರದು ಯಾರನ್ನು ನಡುಗಿಸುತ್ತಿದೆ ಎಂದು ತಿಳಿಯುತ್ತಿರಲಿಲ್ಲ.

"ಹೂಂ," ಅಂದಳು.

ಅವನಿನ್ನೂ ಏನೂ ಕೇಳಿರಲಿಲ್ಲ.