ನಲವತ್ತೊಂದನೇ ಕಂಟೇನರಿನ ಹೆಚ್ಚುವರಿ ಡಬ್ಬ

"ನನ್ನ ಪಾಸ್‌ಪೋರ್ಟ್ ಹುಡುಕಿಕೊಡ್ತೀರಾ?"

ಶುಕ್ರವಾರ ಬೆಳಿಗ್ಗೆ ನಮ್ಮ ರೊಮೇನಿಯನ್ ಕೆಲಸದಾಳು ಡೊಯ್ನಾ ಉಗ್ರಾಣದ ಬಾಗಿಲಲ್ಲಿ ನಿಂತು ಹೀಗೆ ಕೇಳಿದಾಗ ಹೆಟ್ಟಿ ಸಗ್ಡನ್ ಗಾಜಿನ ಲೋಟಗಳಿಗೆ ಕಾಗದ ಸುತ್ತುತ್ತಿದ್ದರು. ನಾನು ತುಂಬಿದ ಡಬ್ಬಗಳಿಗೆ ಟೇಪು ಹಾಕುತ್ತಿದ್ದೆ.

"ಯಾರು ತಗೊಂಡ್ರು?" ಎಂದರು ಹೆಟ್ಟಿ.

"ನಮ್ಮನ್ನ ಇಲ್ಲಿ ಕೆಲಸಕ್ಕೆ ಹಚ್ಚಿದನಲ್ಲ, ಆ ಪೋಕಾಕ್. ಮಾರ್ಚಿನಲ್ಲಿ, ನಾವು ಬಂದ ವಾರಾನೇ. ಝೆರಾಕ್ಸ್ ಮಾಡಿಸ್ಬೇಕು ಅಂತ ಆರು ಜನರದ್ದೂ ತಗೊಂಡ. ಅವನ ಮನೆ, ಆಫೀಸು ಎಲ್ಲಾ ಗುಡಿಸೋದು ನಾವೇ. ಅಲ್ಲೆಲ್ಲೂ ಇಲ್ಲ. ಕೇಳಿದ್ರೆ ನಗ್ತಾನೆ. 'ದಿನಾ ನಿಮ್ಮ ಕಣ್ಮುಂದೇನೇ ಇದೆ' ಅಂತಾನೆ. ಇವತ್ತು ಮೂರು ಗಂಟೆಗೆ ನಮ್ಮನ್ನ ವ್ಯಾನಿಗೆ ಹತ್ತಿಸಿ ಸ್ಕಾಟ್ಲೆಂಡಿಗೆ ಕಳಿಸ್ತಾನಂತೆ, ಮೀನಿನ ಕಾರ್ಖಾನೆಗೆ. ಹಿಂದೆ ಹೋದವರು ಒಬ್ಬರೂ ಒಂದು ಫೋನ್ ಕೂಡ ಮಾಡಿಲ್ಲ."

"ಪೊಲೀಸಿಗೆ ಹೇಳೋಣ," ಎಂದೆ ನಾನು.

"ನಾನು ಹೇಳ್ತೀನಿ. ಉಳಿದ ಐದು ಜನ ಬಾಯಿ ಬಿಡಲ್ಲ. ಪಾಸ್‌ಪೋರ್ಟ್ ಕೈಗೆ ಬರದೆ ಮಾತಾಡಿದ್ರೆ ಜೈಲು ಅಂತ ಹೆದರಿಸಿದಾನೆ."

ಹೆಟ್ಟಿಗೆ ಆಗ ಅರವತ್ತೆಂಟು. ಹ್ಯಾಲಿಫ್ಯಾಕ್ಸ್‌ನಲ್ಲಿರುವ ನಮ್ಮ ಮನೆ ಸಾಗಿಸುವ ಕಂಪನಿಯ ಉಗ್ರಾಣ ನೋಡಿಕೊಳ್ಳುತ್ತ, ಅದರ ಮೇಲಿನ ಎರಡು ಕೋಣೆಗಳಲ್ಲೇ ಬದುಕಿದವರು. ಊರಿನ ಅರ್ಧ ಜನರ ಹಾಸಿಗೆಯ ಕೆಳಗೆ ಏನಿದೆಯೆಂದು ಕಂಡವರಿಗೆ ಮನುಷ್ಯರನ್ನು ಅಳೆಯಲು ಪುಸ್ತಕ ಬೇಕಿರಲಿಲ್ಲ. ಕಾಣೆಯಾದ ಪಿಯಾನೋದಿಂದ ಹಿಡಿದು ಅದಲುಬದಲಾದ ಚಿತಾಭಸ್ಮದ ಡಬ್ಬಿಯವರೆಗೆ ಎಲ್ಲವನ್ನೂ ಅವರೇ ಬಗೆಹರಿಸಿದ್ದರು. ಲಾರಿ ಓಡಿಸುವ ನಾನು, ಕ್ಲಿಫ್, ಅಂಥ ಹೊತ್ತಿನಲ್ಲಿ ಅವರ ಕೈಕಾಲು.

"ಆಫೀಸಿಗೆ ನಡಿ. ಗೋಡೆ ಮೇಲಿನ ಆ ಪವಿತ್ರ ಗ್ರಂಥ ಓದ್ಬೇಕು," ಎಂದರು.

ಗ್ರಂಥವೆಂದರೆ ಗಾಜಿನ ಕಟ್ಟು ಹಾಕಿಸಿದ ಕಂಪನಿಯ ಘೋಷಣೆ. 'ನಮ್ಮಲ್ಲಾಗಲಿ, ನಮಗೆ ಕೆಲಸಗಾರರನ್ನು ಪೂರೈಸುವವರಲ್ಲಾಗಲಿ ಆಧುನಿಕ ಗುಲಾಮಗಿರಿಗೆ ಜಾಗವಿಲ್ಲ' ಎಂದು ದಪ್ಪ ಅಕ್ಷರ. ಪಕ್ಕದಲ್ಲಿ ಯಜಮಾನ ಡೆಸ್ಮಂಡ್ ಹಾರ್ಸ್‌ಫಾಲ್ ಕೈಕಟ್ಟಿ ನಗುತ್ತಿರುವ ಫೋಟೋ. ಅಪ್ಪನ ಕಾಲದ ಹಳೇ ಆಳುಗಳಲ್ಲಿ ನಮ್ಮಿಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಮನೆಗೆ ಕಳಿಸಿ, ಪೋಕಾಕ್‌ನಿಂದ ಅಗ್ಗದ ಜನ ತರಿಸಿಕೊಂಡ ಮಹಾನುಭಾವ. ತಾನೂ ಹನ್ನೆರಡು ವರ್ಷ ಅಪ್ಪನ ಲಾರಿಯಲ್ಲಿ ಬೀರು, ಮಂಚ ಹೊತ್ತಿದ್ದನ್ನು ಈಗ ಯಾರಿಗೂ ಹೇಳುತ್ತಿರಲಿಲ್ಲ.

ಆಫೀಸಿನ ಲವೀನಿಯಾ ಕ್ರಾಬ್‌ಟ್ರೀ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಹೆಟ್ಟಿ ಘೋಷಣೆಯತ್ತ ಬೊಟ್ಟು ಮಾಡಿದ್ದಕ್ಕೆ ತಲೆಯೆತ್ತಿದಳು. "ವಿಚಾರಣೆ ಎಲ್ಲಾ ಆಗಿದೆ ಹೆಟ್ಟಿ. ಆರೂ ಜನಾನ ಕೂರಿಸಿ 'ಸುಖವಾಗಿದೀರಾ' ಅಂತ ಕೇಳಿದೀನಿ. ಹೂಂ ಅಂದ್ರು. ಫಾರಂ ತುಂಬಿದೀನಿ."

"ಅವರ ಭಾಷೆ ನಿಂಗೆ ಬರುತ್ತಾ?"

"ಪೋಕಾಕ್ ಪಕ್ಕದಲ್ಲೇ ಕೂತು ಅನುವಾದ ಮಾಡಿದ್ರಲ್ಲ!"

"ಕೋಳಿಗಳ ಯೋಗಕ್ಷೇಮಾನ ನರಿ ಬಾಯಲ್ಲಿ ಕೇಳಿಸಿದೀಯ. ಭೇಷ್ ಕಣಮ್ಮ," ಎಂದು ಹೆಟ್ಟಿ ಹೊರಬಂದರು.

ಉಗ್ರಾಣದಲ್ಲಿ ಅರವತ್ತು ಮರದ ಕಂಟೇನರ್‌ಗಳಿದ್ದವು. ಗಿರಾಕಿಗಳು ಇಟ್ಟುಹೋದ ಮನೆಸಾಮಾನು ಅವುಗಳಲ್ಲಿರುತ್ತದೆ. ಒಂದೊಂದರ ಬಾಗಿಲಿಗೂ ಹೆಟ್ಟಿ ತಾವೇ ನಂಬರಿರುವ ಮುದ್ರೆ ಹಾಕುತ್ತಿದ್ದರು. ನಾವು ಸಾಲಾಗಿ ನೋಡುತ್ತ ಹೋದೆವು. ನಲವತ್ತೊಂದರ ಮುಂದೆ ಹೆಟ್ಟಿ ನಿಂತರು. ಆ ಮುದ್ರೆಯ ನಂಬರು ಅವರದಲ್ಲ.

ಆ ಕಂಟೇನರ್ ಮಿಸೆಸ್ ಓಲ್ಡ್‌ರಾಯ್ಡ್‌ಳದು. ನ್ಯೂಜಿಲೆಂಡಿನಲ್ಲಿರುವ ಮಗಳ ಬಳಿ ಹೋದವಳು, ಇನ್ನೂ ಒಂದು ವರ್ಷ ಬರುವವಳಲ್ಲ. ಯಾರನ್ನೂ ನಂಬದ ಮುದುಕಿ. ಒಂದು ಚಮಚವನ್ನೂ ನಮಗೆ ಮುಟ್ಟಲು ಬಿಡದೆ ಎಲ್ಲ ಡಬ್ಬಗಳನ್ನೂ ತಾನೇ ಕಟ್ಟಿದ್ದಳು.

ಹೆಟ್ಟಿ ಮುದ್ರೆ ಒಡೆದು ಬಾಗಿಲು ತೆರೆದರು. ಒಳಗಿದ್ದ ಐವತ್ತಮೂರು ಡಬ್ಬಗಳಲ್ಲಿ ಐವತ್ತೆರಡಕ್ಕೆ ಟೇಪನ್ನು ಹಲ್ಲಿನಿಂದ ಹರಿದು, ತುದಿಯನ್ನು ಹಾಗೇ ಒತ್ತಿ ಮುದುಕಿ ಅಂಟಿಸಿದ್ದಳು. ಒಂದರಲ್ಲಿ ಮಾತ್ರ ತುದಿ ಬೆರಳಗಲ ಒಳಕ್ಕೆ ಮಡಚಿತ್ತು. ಆ ಮಡಿಕೆ ಹಿಡಿದೆಳೆದರೆ ಸಾಕು, ಡಬ್ಬ ತೆರೆಯಲು ಚಾಕು ಬೇಡ. ತೀರಿಹೋದ ದೊಡ್ಡ ಯಜಮಾನರು ಹಾಗೆ ಮಡಚದವನನ್ನು ಲಾರಿ ಹತ್ತಿಸುತ್ತಿರಲಿಲ್ಲ.

ಒಳಗೆ ಆರು ಪಾಸ್‌ಪೋರ್ಟುಗಳು ಮಾರ್ಚ್ ಹದಿನೆಂಟರ ದಿನಪತ್ರಿಕೆಯಲ್ಲಿ ಸುತ್ತಿಕೊಂಡು ಮಲಗಿದ್ದವು.

"ಕ್ಲಿಫ್, ಇವತ್ತು ಬೆಳಿಗ್ಗೆ ನೀನು ಟೇಪು ಹೇಗೆ ಹಾಕ್ದೆ?"

"ಮಡಚಿ. ಹೆಟ್ಟಿ, ನೀವು ನನ್ನ..."

"ಮಾರ್ಚ್ ಪೂರ್ತಿ ನಿನ್ನ ಬಲಗೈ ಪ್ಲಾಸ್ಟರಿನಲ್ಲಿತ್ತು ಕಣೋ. ಬೂಟಿನ ದಾರ ಕಟ್ಕೊಳ್ಳೋಕೂ ನಿನ್ನ ಹೆಂಡ್ತೀನ ಕರೀತಿದ್ದೆ. ಬೆವರು ಒರೆಸ್ಕೋ. ನಾನೊಂದು ಫೋನ್ ಮಾಡ್ಬೇಕು."

ಎರಡು ಗಂಟೆಗೆ ಎಲ್ಲರೂ ಊಟದ ಕೋಣೆಯಲ್ಲಿ ಸೇರಿದರು. ಡೊಯ್ನಾ ಮತ್ತು ಐವರು ಗೋಡೆಗೆ ಒರಗಿ ನಿಂತರು. ಪೋಕಾಕ್ ಕಾಲು ಚಾಚಿ ಕುಳಿತು ನಮ್ಮ ಬಿಸ್ಕತ್ತು ತಿನ್ನತೊಡಗಿದ. ಮೇಜಿನ ಮೇಲೆ ಚಹಾ ಲೋಟ ತುಂಬಿದ ಮೂರು ಡಬ್ಬಗಳಿದ್ದವು.

"ಲಾರಿ ಕಾಯ್ತಿದೆ. ಒಂದೊಂದಕ್ಕೆ ಟೇಪು ಹಾಕಿ, ಆಮೇಲೆ ಮಾತು," ಎಂದರು ಹೆಟ್ಟಿ.

"ಇದಕ್ಕಾ ನನ್ನ ಕರೆಸಿದ್ದು?" ಡೆಸ್ಮಂಡ್ ಗೊಣಗಿದ.

ಲವೀನಿಯಾ ಕತ್ತರಿ ಹುಡುಕಿ, ಅಳತೆ ಮಾಡಿ, ವಕ್ರವಾಗಿ ಅಂಟಿಸಿದಳು. ಪೋಕಾಕ್‌ಗೆ ಟೇಪಿನ ಆರಂಭವೇ ಸಿಗಲಿಲ್ಲ. ಕೊನೆಗೆ ಅದು ಅವನ ಬೆರಳಿಗೆ ಅಂಟಿತು. ಡೆಸ್ಮಂಡ್ ನಮ್ಮನ್ನು ಬೈಯುತ್ತಲೇ ಒಂದೇ ಎಳೆತಕ್ಕೆ ಡಬ್ಬ ಮುಚ್ಚಿದ. ಅವನ ಹೆಬ್ಬೆರಳು ತುದಿಯನ್ನು ಒಳಕ್ಕೆ ಮಡಚಿತು. ಏನು ಮಾಡಿದೆನೆಂದು ಅವನಿಗೇ ತಿಳಿದಿರಲಿಲ್ಲ.

ಹೆಟ್ಟಿ ಕಂಟೇನರಿನ ಡಬ್ಬವನ್ನು ತಂದು ಪಕ್ಕದಲ್ಲಿಟ್ಟರು.

"ಪಾಸ್‌ಪೋರ್ಟ್ ಇದ್ದದ್ದು ಇದರೊಳಗೆ. 'ದಿನಾ ಕಣ್ಮುಂದೆ' ಅಂತ ಪೋಕಾಕ್ ಜಂಬ ಕೊಚ್ಕೊಂಡ. ಈ ಆರು ಜನ ದಿನಾ ನೋಡೋದು ಈ ಉಗ್ರಾಣಾನೇ. ಮುದ್ರೆ ಬದಲಾದ ಕಂಟೇನರ್ ಒಂದೇ. ಅದರಲ್ಲಿ ಮುದುಕಿ ಕಟ್ಟದೇ ಇರೋ ಡಬ್ಬ ಒಂದೇ. ಪೇಪರ್ ಮಾರ್ಚಿನದ್ದು. ಈ ಮಡಿಕೆ ಬರೋದು ದೊಡ್ಡ ಯಜಮಾನರ ಕೈಕೆಳಗೆ ಕಲಿತವರಿಗೆ. ಆಗ ಇಲ್ಲಿ ಉಳಿದಿದ್ದವರು ಮೂರೇ ಜನ. ಕ್ಲಿಫ್‌ನ ಕೈ ಮುರಿದಿತ್ತು. ನಾನೇ ಬಚ್ಚಿಟ್ಟಿದ್ರೆ ನನ್ನ ಮುದ್ರೇನೇ ಹಾಕ್ತಿದ್ದೆ, ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಉಳಿದೋನು ನೀನು ಡೆಸ್ಮಂಡ್."

"ಸುರಕ್ಷಿತವಾಗಿರ್ಲಿ ಅಂತ ಇಟ್ಟಿದ್ದೆ!" ಡೆಸ್ಮಂಡ್ ಎದ್ದು ನಿಂತ. "ಕೆಲಸದ ಭರಾಟೇಲಿ ಅರ್ಧಕ್ಕೆ ಬಿಟ್ಟು ಓಡಿಹೋದ್ರೆ ನನ್ನ ಗತಿ ಏನು? ಪೋಕಾಕೇ ಹೇಳಿದ್ದು!"

"ನಾನೆಲ್ಲಿ ಹೇಳ್ದೆ? ನೀನೇ ತಾನೇ ಕೇಳಿ ಇಸ್ಕೊಂಡದ್ದು?" ಪೋಕಾಕ್ ಬಿಸ್ಕತ್ತು ಉಗುಳಿದ.

"ಜಗಳ ನಿಧಾನಕ್ಕೆ ಆಡ್ಕೊಳ್ಳಿ," ಎಂದರು ಹೆಟ್ಟಿ. "ನಿಮ್ಮಪ್ಪ ಗಿರಾಕಿಗೆ ಅನುಕೂಲ ಆಗ್ಲಿ ಅಂತ ಆ ಮಡಿಕೆ ಕಲಿಸಿದ್ರು. ನೀನು ಅದನ್ನ ಆರು ಜನರ ಬಾಳಿಗೆ ಬೀಗ ಹಾಕೋಕೆ ಬಳಸಿದೆ. ಥೂ ನಿನ್ನ."

ಅವರು ಬಾಗಿಲು ತೆರೆದರು. ಹೊರಗೆ ಇಬ್ಬರು ಪೊಲೀಸರಿದ್ದರು. ಜೊತೆಗೆ ಹೆಟ್ಟಿ ಹಟಮಾಡಿ ಕರೆಸಿಕೊಂಡಿದ್ದ ರೊಮೇನಿಯನ್ ಮಾತಾಡುವ ಹೆಂಗಸು. ಆಕೆ ಆರು ಜನರನ್ನೂ ಒಬ್ಬೊಬ್ಬರನ್ನಾಗಿ ಬೇರೆ ಕೋಣೆಗೆ ಕರೆದೊಯ್ದಳು. ಮೊದಲು ಅವರವರ ಪಾಸ್‌ಪೋರ್ಟು ಅವರವರ ಕೈಯಲ್ಲಿ, ಆಮೇಲೆ ಪ್ರಶ್ನೆ. ಹೆಟ್ಟಿಯ ಈ ಷರತ್ತಿಗೆ ಪೊಲೀಸರೂ ಒಪ್ಪಿದ್ದರು. ಆರೂ ಜನ ಮಾತಾಡಿದರು. ಎರಡು ತಾಸು ಹಿಡಿಯಿತು. ಸ್ಕಾಟ್ಲೆಂಡಿನ ಕಾರ್ಖಾನೆಯ ಹೆಸರೂ ಹೊರಬಿತ್ತು. ಅಂಗಳದಲ್ಲಿದ್ದ ವ್ಯಾನಿನ ಬೀಗದ ಕೈ ಪೊಲೀಸರ ಜೇಬು ಸೇರಿತು.

ಲವೀನಿಯಾ ಮಾತ್ರ, "ಫಾರಂನಲ್ಲಿ ಎಲ್ಲಾ ಸರಿಯಾಗೇ ಇತ್ತಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಕೊನೆಗೆ ಡೊಯ್ನಾ ಹೊರಬಂದಳು. ಪಾಸ್‌ಪೋರ್ಟನ್ನು ಕೋಟಿನ ಒಳಜೇಬಿಗಿಟ್ಟು, ಹೆಟ್ಟಿಯನ್ನು ಒಮ್ಮೆ ಬಿಗಿಯಾಗಿ ತಬ್ಬಿ, ಗೇಟಿನ ಕಡೆ ನಡೆದಳು.

"ಎಲ್ಲಿಗೆ ಡೊಯ್ನಾ?" ನಾನು ಕೂಗಿದೆ.

ಹೆಟ್ಟಿ ನನ್ನ ಬೆನ್ನಿಗೊಂದು ಗುದ್ದಿದರು. "ಬಾಯಿ ಮುಚ್ಕೊಂಡಿರೋ ಪೆದ್ದ. ಐದು ತಿಂಗಳಿಂದ ಪೋಕಾಕ್ ಬಾಯಲ್ಲಿ ಹೆಜ್ಜೆಹೆಜ್ಜೆಗೂ ಅದನ್ನೇ ಕೇಳಿಸ್ಕೊಂಡಿದಾಳೆ."

ಡೊಯ್ನಾ ಗೇಟು ದಾಟಿ, ಎಡಕ್ಕೋ ಬಲಕ್ಕೋ ಎಂದು ಕ್ಷಣ ನಿಂತು, ಬಲಕ್ಕೆ ಹೊರಟಳು.